ಹಿಮದ ದಾರಿಗಿಳಿದ ಲಾರಿ

ಹೆಲ್ದೂರ್ ಸರಾಪಿಕ್ ರಾಜಧಾನಿ ಟ್ಯಾಲಿನ್‌ನಲ್ಲಿ ಬ್ಯಾಂಕು ಕಟ್ಟಿ, ಒಳ್ಳೆಯ ಬೆಲೆಗೆ ಮಾರಿ, ಹುಟ್ಟಿದ ದ್ವೀಪಕ್ಕೆ ಮರಳಿ ಮರ ಕೊಯ್ಯುವ ಕಾರ್ಖಾನೆ ಹಾಕಿದವನು. ಆಮೇಲೆ ರಾಜಕೀಯದ ರುಚಿ ಹತ್ತಿತು. ಈಗ ದ್ವೀಪದ ಆಡಳಿತಕ್ಕೆ ಅವನೇ ಅಧ್ಯಕ್ಷ. ಮುಂದಿನ ಭಾನುವಾರದ ಸಂಸತ್ ಚುನಾವಣೆಗೂ ನಿಂತಿದ್ದ.

ಮಾರ್ಚ್ ತಿಂಗಳ ಮೊದಲ ವಾರ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ದ್ವೀಪದಿಂದ ಆಚೆ ದಡಕ್ಕೆ ಹೋಗುವ ದಾರಿಯ ಮಂಜುಗಡ್ಡೆಯ ದಪ್ಪವನ್ನು ದಿನವೂ ಅಳೆಯುವ ಮುದುಕ ಎಂಡೆಲ್, ಬೂಟಿನ ಹಿಮವನ್ನೂ ಕೊಡವದೆ ಅವನ ಕಚೇರಿಗೆ ನುಗ್ಗಿದ.

"ಲಾರಿಗಳ್ನ ನಿಲ್ಲಿಸಪ್ಪ. ನಡುವೆ ಒಂದು ಗೇಣು ದಪ್ಪ ಇದ್ರೆ ಹೆಚ್ಚು."

ಹೆಲ್ದೂರ್ ಅಲ್ಲೇ ಆದೇಶ ಬರೆದು ಸಹಿ ಹಾಕಿದ. ಎಂಡೆಲ್ ಅದನ್ನು ದಡದಲ್ಲಿ ಅಂಟಿಸಲು ಹೊರಟನೋ ಇಲ್ಲವೋ, ಕಾರ್ಖಾನೆಯ ಪಾಲುದಾರ ರೈವೊನ ಫೋನ್ ಬಂತು. ಸಂಜೆಯೊಳಗೆ ಹಲಗೆಗಳು ಆಚೆ ದಡದ ಬಂದರು ಸೇರದಿದ್ದರೆ ಕೊಳ್ಳುವ ಸ್ವೀಡನ್ನಿನವರು ವ್ಯಾಪಾರ ಕೈಬಿಡುತ್ತಾರೆ.

"ಒಂದೇ ಲಾರಿ ಕಣೋ. ನಾನೇ ಓಡಿಸ್ತೀನಿ. ಹೋಗ್ಲಾ, ಬೇಡ್ವಾ?"

ಹೆಲ್ದೂರ್ ಎದ್ದು ಕಚೇರಿಯ ಬಾಗಿಲು ಮುಚ್ಚಿದ. "ನೀನು ನನ್ನನ್ನ ಕೇಳಿಲ್ಲ, ನಾನು ಏನೂ ಹೇಳಿಲ್ಲ," ಎಂದು ಫೋನ್ ಇಟ್ಟ.

ಇಟ್ಟ ಮೇಲೆ ಕೂರಲಾಗಲಿಲ್ಲ. ಅರ್ಧ ಗಂಟೆ ಕಳೆದು ಕಾರು ಹತ್ತಿ ದಡಕ್ಕೆ ಬಂದ. ಎಂಡೆಲ್ ಹಗ್ಗ ಹಿಡಿದು ನಿಂತಿದ್ದ. ದೂರದ ಬಿಳುಪಿನಲ್ಲಿ ಒಂದು ಲಾರಿ ತೆವಳುತ್ತಿತ್ತು.

"ನಿನ್ನದೇ ಲಾರಿ! ನಾನು ಅಡ್ಡ ನಿಂತೆ, ಪಕ್ಕಕ್ಕೆ ತಿರುಗಿಸ್ಕೊಂಡು ಹೋದ!"

ಹೆಲ್ದೂರ್ ಫೋನ್ ಮಾಡಿದ. "ರೈವೊ, ವಾಪಸ್ ಬಾ!"

"ನಿಂತ್ರೆ ಒಳಗೆ ಹೋಗ್ತೀನಿ. ಕೆಳಗೆ ಚಟಚಟ ಅಂತಿದೆ."

"ಸೀಟ್ ಬೆಲ್ಟು ಬಿಚ್ಚಿದೀಯಾ?"

"ಬಿಚ್ಚಿದೀನಿ. ಹಾರೋಕೆ ಬಾಗಿಲೂ ತೆಗೆದಿಟ್ಟಿದೀನಿ. ಹೆಲ್ದೂರ್—"

ಫಿರಂಗಿ ಸಿಡಿದಂಥ ಸದ್ದು. ಲಾರಿಯ ಹಿಂಭಾಗ ಕುಸಿಯಿತು, ಮೂತಿ ಮೇಲೆದ್ದಿತು.

ಇಬ್ಬರೂ ಕಾಲಲ್ಲಿ ತಳ್ಳುವ ಜಾರುಬಂಡಿ ಹಿಡಿದು ಓಡಿದರು. ಕೊನೆಯ ಐವತ್ತು ಹೆಜ್ಜೆಯನ್ನು ಹೆಲ್ದೂರ್ ಹೊಟ್ಟೆಯ ಮೇಲೆ ತೆವಳಿದ. ಅವನ ಸೊಂಟದ ಹಗ್ಗ ಎಂಡೆಲ್ ಕೈಯಲ್ಲಿತ್ತು. ಒಡೆದ ಮಂಜುಗಡ್ಡೆಯ ಅಂಚು ಹಿಡಿದು ನೀರಲ್ಲಿ ನೇತಾಡುತ್ತಿದ್ದ ರೈವೊನ ಬೆರಳುಗಳು ಬಿಳುಚಿಕೊಂಡಿದ್ದವು. ಎಳೆದರೆ ಅಂಚೇ ಮುರಿಯಿತು. ಮತ್ತೆ ಎಳೆದರು. ಮೂರನೆಯ ಸಲಕ್ಕೆ ಅವನು ಮೇಲೆ ಬಂದ. ಲಾರಿ ಹಲಗೆಗಳ ಸಮೇತ ಮುಳುಗಿತು.

ಮಾರನೆಯ ಸಂಜೆ ಶಾಲೆಯಲ್ಲಿ ಸಭೆ ಸೇರಿತು. ರೈವೊ ಆಸ್ಪತ್ರೆಯಲ್ಲಿದ್ದ, ಫೋನಿನ ವಿಷಯ ಯಾರಲ್ಲೂ ಬಾಯಿ ಬಿಟ್ಟಿರಲಿಲ್ಲ. ಅವನ ಹೆಂಡತಿ ಲೈಲಿ ಮುಂದಿನ ಬೆಂಚಿನಲ್ಲಿ ಕೂತಿದ್ದಳು.

"ಆದೇಶ ಮೀರಿದ್ದು ರೈವೊ. ಪ್ರಾಣ ಉಳಿಸಿದ್ದು ನಮ್ಮ ಅಧ್ಯಕ್ಷರು," ಎಂದರು ಒಬ್ಬರು. ಚಪ್ಪಾಳೆ ಬಿತ್ತು. ಲೈಲಿ ತಲೆ ತಗ್ಗಿಸಿದಳು.

ಹೆಲ್ದೂರ್ ಎದ್ದ. "ಅವನು ಹೊರಡೋ ಮುಂಚೆ ನನ್ನನ್ನ ಕೇಳಿದ್ದ. ಬೇಡ ಅನ್ನಬಹುದಿತ್ತು. ಅನ್ಲಿಲ್ಲ. ಆ ಹಲಗೆ ಹೋಗ್ಲಿ ಅಂತ ನನಗೂ ಆಸೆ ಇತ್ತು."

ಚಪ್ಪಾಳೆ ತಟ್ಟಿದವರೇ ಒಬ್ಬೊಬ್ಬರಾಗಿ ಎದ್ದು ಹೋದರು. ಲೈಲಿ ಮಾತ್ರ ಹತ್ತಿರ ಬಂದಳು. "ನಿಮ್ಮನ್ನ ಕ್ಷಮಿಸೋಕೆ ನನಗೆ ಟೈಮ್ ಬೇಕು," ಎಂದು ಹೇಳಿ ಕೋಟು ಹಾಕಿಕೊಂಡಳು.

ಭಾನುವಾರ ಅವನು ಸೋತ. ಸೋಮವಾರ ಅಧ್ಯಕ್ಷಗಿರಿಗೆ ರಾಜೀನಾಮೆ ಬರೆಯುತ್ತಿದ್ದಾಗ ಎಂಡೆಲ್ ಬಂದ.

"ನನ್ನ ವೋಟು ನಿನಗೇ ಹಾಕ್ದೆ," ಎಂದ. "ನಿನ್ನ ಮೇಲಿನ ಸಿಟ್ಟಲ್ಲೇ ಹಾಕ್ದೆ."