ಬರೀ ಅಕ್ಷರದ ಕಾಗದ

ನಾಲ್ಕೂ ಹತ್ತಕ್ಕೆ ಹೋದ ಮೇಲ್ ನಾಲ್ಕೂ ಹನ್ನೊಂದಕ್ಕೆ ವಾಪಸ್ ಬಂತು.

ನಯನ ತೋಟದ ಪಂಪ್‌ಸೆಟ್ ಮನೆಯ ಕಟ್ಟೆ ಹತ್ತಿ ನಿಂತಿದ್ದಳು. ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಕೆಳಗೆ ಅವಳ ಅಜ್ಜಿ ಹುಚ್ಚಕ್ಕ, ಸುಟ್ಟಂತೆ ಒಣಗಿದ ತೆಂಗಿನ ಗರಿಯೊಂದನ್ನು ಹಿಡಿದು ಕೂತಿದ್ದಳು. ತೋಟಕ್ಕೆ ಕಪ್ಪುತಲೆ ಹುಳು ಬಿದ್ದಿತ್ತು. ಆ ಹುಳುವನ್ನು ಕೊಲ್ಲುವ ಸಣ್ಣ ಕಣಜ ಸಾಕುವ ಲ್ಯಾಬಿನವರು ಬೆಳೆಗಾರರಿಗೆಂದು ಒಂದು ಮೇಲಿಂಗ್ ಲಿಸ್ಟ್ ಇಟ್ಟಿದ್ದರು. ಒಂದು ವಿಳಾಸಕ್ಕೆ ಬರೆದರೆ ಎಲ್ಲರಿಗೂ ಹೋಗುತ್ತದೆ. ಶುಕ್ರವಾರ ಸಂಜೆ ಐದರೊಳಗೆ ಅಲ್ಲಿ ಕೇಳಿದವರಿಗೆ ಶನಿವಾರ ಕಣಜದ ಸೀಸೆ. ತಪ್ಪಿದರೆ ಮುಂದಿನ ತಿಂಗಳು. ಅಷ್ಟರಲ್ಲಿ ಹುಳು ತೋಟವನ್ನೆಲ್ಲ ಮೇಯ್ದು ಮುಗಿಸಿರುತ್ತದೆ. ಇವತ್ತು ಶುಕ್ರವಾರ.

"ಯಾಕಂತೆ ವಾಪಸ್ಸು?"

"ಬರೀ ಅಕ್ಷರ ಇರ್ಬೇಕಂತೆ ಅಜ್ಜಿ. ಫೋಟೊ, ಬಣ್ಣ, ದಪ್ಪಕ್ಷರ ಏನೂ ಇರ್ಬಾರ್ದಂತೆ."

ನಯನ ಮೂರು ಫೋಟೊ ಅಂಟಿಸಿದ್ದಳು, ಕೆಂಪು ತಲೆಬರಹ ಕೊಟ್ಟಿದ್ದಳು, ಮರಗಳ ಲೆಕ್ಕಕ್ಕೆ ಚೆಂದದ ಕೋಷ್ಟಕ ಬೇರೆ ಮಾಡಿದ್ದಳು. ಫೋಟೊ ತೆಗೆದಳು, ಕೆಂಪು ತೆಗೆದಳು, ಕಳಿಸಿದಳು. ವಾಪಸ್. ನಾಲ್ಕೂ ಇಪ್ಪತ್ತೊಂದು.

"ಇನ್ನೇನೈತೆ ಅದ್ರಾಗೆ?"

ಬೆರಳಲ್ಲಿ ತಳ್ಳಿ ತಳ್ಳಿ ಕೊನೆಗೆ ಹೋದಳು. ಮನೆದೇವರ ಫೋಟೊ! ಅಜ್ಜಿಯ ಅಪ್ಪಣೆಯಂತೆ ಎರಡು ವರ್ಷದಿಂದ ಪ್ರತಿ ಮೇಲ್‌ನ ಕೊನೆಗೂ ಅದು ತಾನಾಗಿ ಬಂದು ಕೂರುತ್ತಿತ್ತು.

"ಅಜ್ಜಿ, ದೇವ್ರನ್ನ ತೆಗೀಬೇಕು."

"ಥೂ ನಿನ್ ಬಾಯಿಗಿಷ್ಟು! ದೇವ್ರಿಲ್ದೆ ಕಾಗ್ದ ಬರ್ದೋರುಂಟೇನೇ? ದೇವ್ರು ಯಾರ್ಗೂ ಭಾರ ಆಗಲ್ಲ ಅಂತ ಹೇಳು ಅವ್ರಿಗೆ."

"ಅಲ್ಲಿ ಕೂತಿರೋದು ಕಂಪ್ಯೂಟ್ರು. ಅದಕ್ಕೆ ಎಲ್ಲಾ ಭಾರವೇ."

ದೇವರೂ ಹೋದ. ಮೇಲ್ ಮತ್ತೆ ಬಂತು. ನಾಲ್ಕೂ ಮೂವತ್ನಾಲ್ಕು, ಬ್ಯಾಟರಿ ಒಂಬತ್ತು. ನಯನಳ ಕಾಲು ಕಟ್ಟೆಯ ಮೇಲೆ ನಿಂತಲ್ಲಿ ನಿಲ್ಲಲಿಲ್ಲ. ಏನು ಮಾಡಲೆಂದು ಕಾಲೇಜಿನ ಗ್ರೂಪಿಗೆ ಹಾಕಿದಳು. ಎಂಟು ನಗುವ ಮುಖಗಳು ಬಂದವು, ಉತ್ತರ ಒಂದೇ ಒಂದು: "ಆ್ಯಪ್ಪೇ ಡಿಸೈನ್ ಸೇರ್ಸಿ ಕಳ್ಸುತ್ತೆ ಕಣೇ. ಬ್ರೌಸರಲ್ಲಿ ಡೆಸ್ಕ್‌ಟಾಪ್ ಸೈಟ್ ಓಪನ್ ಮಾಡಿ ಪ್ಲೇನ್ ಟೆಕ್ಸ್ಟ್ ಒತ್ತು."

ಇರುವೆಯಷ್ಟು ಸಣ್ಣ ಅಕ್ಷರಗಳ ನಡುವೆ ಅದನ್ನು ಹುಡುಕಿ ಒತ್ತಿದ್ದೇ ತಡ, ಕೋಷ್ಟಕ ಕುಸಿಯಿತು. ಸಾಲು, ಮರ, ಅಂಕಿ ಎಲ್ಲ ಕಲಸಿದ ಮುದ್ದೆ. ನಾಲ್ಕೂ ನಲವತ್ತೇಳು.

"ಹೋಯ್ತು! ಎಲ್ಲಾ ಹೋಯ್ತು!"

"ಬಾಯ್ ಬಡ್ಕೋಬ್ಯಾಡ. ಆ ಲೆಕ್ಕದ್ ಡಬ್ಬ ಗಿಬ್ಬ ಬುಡು. ನಾ ಹೇಳ್ತೀನಿ, ನೀ ಬರಿ."

ಅಜ್ಜಿ ಕಣ್ಣು ಮುಚ್ಚಿ, ತೋಟದೊಳಗೆ ನಡೆದಾಡುವವಳಂತೆ ಹೇಳತೊಡಗಿದಳು. ಅವಳು ಉಸಿರು ತೆಗೆದುಕೊಂಡಾಗಲೆಲ್ಲ ನಯನ ಹೊಸ ಸಾಲಿಗೆ ಇಳಿದಳು.

ಬಾವಿ ಪಕ್ಕದ ಸಾಲು, ಹನ್ನೊಂದು ಮರ, ಕೆಳಗಿನ ಗರಿ ಒಣಗಿವೆ.
ಬೇಲಿ ಸಾಲು, ಏಳು ಮರ, ಈಗ ಶುರು.
ನಡುವಿನ ಸಾಲು, ಒಂಬತ್ತು ಮರ, ಇನ್ನೂ ಹಸಿರು.

"ಮ್ಯಾಲೆ ದೇವ್ರು?"

"ಶ್ರೀ ಅಂತ ಹಾಕ್ತೀನಿ. ಅದೂ ಅಕ್ಷರವೇ, ತಡೆಯಲ್ಲ."

ನಾಲ್ಕೂ ಐವತ್ತಾರು. ಕಳಿಸಿದಳು. ಐವತ್ತೇಳು. ಐವತ್ತೆಂಟು. ವಾಪಸ್ ಬರಲಿಲ್ಲ. ಬರದಿದ್ದರೂ ನಂಬಿಕೆ ಬಾರದೆ ಲಿಸ್ಟಿನ ಪುಟ ತೆರೆದಳು, ಹೊಸದು ಕಾಣಲೆಂದು ಕೆಳಗೆ ಎಳೆದಳು, ಮತ್ತೆ ಎಳೆದಳು. ಎಲ್ಲರ ಕಾಗದಗಳ ಕೊನೆಯಲ್ಲಿ ಅವರದೂ ಕೂತಿತ್ತು, ಮೇಲೊಂದು ಶ್ರೀ.

ಐದೂ ಇಪ್ಪತ್ತಕ್ಕೆ ಲ್ಯಾಬಿನ ಸೂರ್ಯಪ್ರಕಾಶ್ ಎಂಬುವವರ ಉತ್ತರ ಬಂತು. ಅಜ್ಜಿಯ ಒಂದೊಂದು ಸಾಲನ್ನೂ ಇಟ್ಟು, ಅದರ ಕೆಳಗೇ ಬರೆದಿದ್ದರು. ನಯನ ಕಟ್ಟೆಯಿಂದಿಳಿದು ಅಜ್ಜಿಗೆ ಓದಿದಳು: "ಬಾವಿ ಸಾಲಿಂದ ಕಣಜ ಬಿಡಲು ಶುರು ಮಾಡಿ. ಬೇಲಿ ಸಾಲಿಗೆ ವಾರ ಬಿಟ್ಟು. ನಡುವಿನ ಸಾಲನ್ನು ದಿನಾ ನೋಡುತ್ತಿರಿ. ಸೀಸೆಗಳನ್ನು ನಾಳೆ ಹತ್ತು ಗಂಟೆಗೆ ಬಂದು ಒಯ್ಯಿರಿ."

"ನೋಡ್ದಾ? ಮಾತ್‌ಮಾತ್ಗೂ ಉತ್ರ ಕೊಟ್ಟವ್ನೆ. ಎದ್ರಿಗ್ ಕೂತಂಗೈತೆ," ಎಂದಳು ಅಜ್ಜಿ. ಆಮೇಲೆ ಬೆರಳು ಮಡಿಸುತ್ತಾ ಗಕ್ಕನೆ ನಿಂತಳು. "ಅಯ್ಯೋ ನಯ್ನಾ, ಕೊಟ್ಗೆ ಹಿಂದ್ಲು ಮರ ಬುಟ್ಟೋಯ್ತಲ್ಲೇ! ಬರಿ, ಇನ್ನೊಂದ್ ಸಾಲು ಬರಿ."

ಬ್ಯಾಟರಿ ಎರಡು. ನಯನ ಮತ್ತೆ ಕಟ್ಟೆ ಹತ್ತಿದಳು.