ಹಸಿರು ಸೀರೆಯ ತುಂಡುಗಳು

ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಚುಚ್ಚುತ್ತದೆ. ಹಾಗಾಗಿ ಮಗಳು ಮೇಘನಳ ಬಸಿರಿಗೆ ಏಳು ತಿಂಗಳು ತುಂಬಿದಾಗಲೇ ಅಂಜನಮ್ಮ ತನ್ನ ಹಳೆಯ ಹಸಿರು ಹತ್ತಿ ಸೀರೆಯನ್ನು ಚೌಕ ಚೌಕವಾಗಿ ಹರಿದು, ಒಗೆದು, ಬಿಸಿಲಲ್ಲಿ ಒಣಗಿಸಿ ಇಟ್ಟಿದ್ದಳು. ದೊಡ್ಡಬಳ್ಳಾಪುರದ ಆ ಮನೆಯ ವಿದ್ಯುತ್ ಮಗ್ಗದಲ್ಲಿ ಇಳಿಯುವುದು ಮಿರುಗುವ ಸೀರೆಗಳೇ ಆದರೂ, ಎಳೆ ಮೈಗೆ ಹಿತವಾಗುವುದು ಉಟ್ಟು ಸವೆದ ಹತ್ತಿಯೇ.

ಮೇಘನಳ ಹೆಣ್ಣುಮಗು ಎರಡು ದಿನ ಬದುಕಿತು. ಹೂಳುವಾಗ ಹೊಸ ಬಿಳಿ ಬಟ್ಟೆ ಸುತ್ತಿದರು. ಅದುವರೆಗೆ ಹೊದಿಸಿದ್ದ ಹಸಿರು ತುಂಡನ್ನು ನರ್ಸ್ ಮಡಿಸಿ ಬ್ಯಾಗಿಗೆ ಹಾಕಿದ್ದಳು. ಮೇಘನ ಅದನ್ನು ಒಗೆಯಲು ಕೊಡಲಿಲ್ಲ. ತವರಿಗೆ ಬಂದ ಮೇಲೆ ದಿಂಬಿನ ಕೆಳಗಿಟ್ಟುಕೊಂಡು, ಯಾರೂ ಇಲ್ಲದಾಗ ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಹಾಲಿನ, ಎಳೆ ನೆತ್ತಿಯ ವಾಸನೆ. ಎಲ್ಲಿ ಮುಗಿದುಹೋಗುತ್ತದೋ ಎಂದು ಹೆದರಿ ಈಚೆಗೆ ಮೂಸುವುದನ್ನೂ ಕಡಿಮೆ ಮಾಡಿದ್ದಳು.

ಆ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅಂಜನಮ್ಮ ಕೋಣೆಗೆ ಬಂದಳು. ಕಣ್ಣಿಗೆ ಬಿದ್ದಷ್ಟೂ ಸಂಕಟ ಎಂದುಕೊಂಡು ಬೀರುವಿನಲ್ಲಿದ್ದ ಮಗುವಿನ ಬಟ್ಟೆಗಳ ಜೊತೆ ದಿಂಬಿನ ಕೆಳಗೆ ಸಿಕ್ಕಿದ್ದನ್ನೂ ಬಾಚಿಕೊಂಡಳು. ಹೋದ ಮಗುವಿನ ಬಟ್ಟೆಯನ್ನು ಇನ್ನೊಂದು ಮಗುವಿಗೆ ಕೊಡುವಂತಿಲ್ಲ. ಬಟ್ಟೆ ಎಸೆದು ಗೊತ್ತಿರುವ ಮನೆಯೂ ಅದಲ್ಲ. ಸವೆದ ಹತ್ತಿ ಕೊನೆಗೆ ಸೇರುವುದು ಮಗ್ಗದ ಪಕ್ಕದ ಬಕೆಟ್ಟಿಗೆ, ಎಣ್ಣೆ ಒರೆಸಲು. ಅಲ್ಲೇ ಹಾಕಿ ಬಂದಳು.

"ಅಮ್ಮ, ದಿಂಬಿನ ಕೆಳಗಿದ್ದ ಬಟ್ಟೆ ಎಲ್ಲಿ?"

"ಎಲ್ಲಾ ತೆಗೆದ್ಬಿಟ್ಟೆ ಕಣೇ. ಎಷ್ಟು ದಿನ ಅಂತ ನೋಡ್ಕೊಂಡು ಅಳ್ತೀಯ?"

"ತೆಗೆದು?"

ಅಂಜನಮ್ಮ ಮಗ್ಗದ ಕಡೆ ನೋಡಿದಳು.

ಸಂಜೀವಪ್ಪ ಮಗ್ಗ ನಿಲ್ಲಿಸಿ ಎಣ್ಣೆ ಒರೆಸುತ್ತಿದ್ದ. ಮಗಳು ಕೋಣೆ ಬಿಟ್ಟು ಬಂದದ್ದೇ ಅವನಿಗೆ ಸಮಾಧಾನ. "ಬಾಮ್ಮ. ಇವತ್ತು ನಿಮ್ಮಮ್ಮ ಧಾರಾಳ ಕಣಮ್ಮ, ಕೇಳ್ದೇನೇ ಬಕೆಟ್ ತುಂಬ ಬಟ್ಟೆ ಕೊಟ್ಟವ್ಳೆ. ಇಲ್ದಿದ್ರೆ ನನ್ನ ಪಂಚೆನೇ ಬಿಚ್ಚಿ ಒರೆಸ್ಬೇಕಾಗಿತ್ತು!"

ಅವನ ಕೈಯಲ್ಲಿದ್ದದ್ದು ಹಸಿರು. ಹಿಡಿಯಲು ಅನುಕೂಲವಾಗಲೆಂದು ಎಲ್ಲವನ್ನೂ ಅಂಗೈಯಗಲಕ್ಕೆ ಹರಿದಿದ್ದ. ಒರೆಸಿದ್ದು, ಒರೆಸದ್ದು ಎಲ್ಲ ಒಂದೇ ಬಕೆಟ್ಟಿನಲ್ಲಿ ಬಿದ್ದು ಕರಿ ಎಣ್ಣೆ ಕುಡಿದಿದ್ದವು.

ಮೇಘನ ನೆಲದ ಮೇಲೆ ಕೂತಳು. ಒಂದು ತುಂಡು ಎತ್ತಿ ಮೂಸಿದಳು, ಪಕ್ಕಕ್ಕಿಟ್ಟಳು. ಇನ್ನೊಂದು ಎತ್ತಿದಳು.

"ಏನಾಯ್ತಮ್ಮ?" ಸಂಜೀವಪ್ಪ ಗಾಬರಿಯಾದ.

"ಕೊಡೇ, ತೊಳ್ಕೊಡ್ತೀನಿ. ಸೋಪಿನ ಪುಡೀಲಿ ನೆನೆಸಿದ್ರೆ ಎಣ್ಣೆ ಬಿಟ್ಕೊಳ್ಳುತ್ತೆ," ಎಂದಳು ಅಂಜನಮ್ಮ.

"ತೊಳೀಬೇಡಮ್ಮ. ಒಂದ್ರಲ್ಲಿ ಅವಳ ವಾಸನೆ ಇತ್ತು."

ಅಂಜನಮ್ಮ ಮಗಳ ಎದುರಿಗೆ ಕೂತಳು. ಅವಳೂ ಆ ಮಗುವನ್ನು ಎತ್ತಿಕೊಂಡಿದ್ದವಳೇ. ಒಂದೊಂದೇ ತುಂಡನ್ನು ತೆಗೆದು ತಾನೂ ಮೂಸತೊಡಗಿದಳು. ಮೂಗಿನ ತುದಿ ಕಪ್ಪಾಯಿತು.

"ಇದಾ ನೋಡೇ... ಇದಿರ್ಬೇಕು..."

ಮೇಘನ ಇಸಿದುಕೊಂಡು ಮೂಸಿದಳು. ಬರೀ ಎಣ್ಣೆ. ಅಮ್ಮನ ಮುಖ ನೋಡಿದಳು.

"ಹೂಂ ಅಮ್ಮ, ಇದೇ."

ಅಂಜನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮೇಘನ ಆ ತುಂಡನ್ನು ಮಡಿಲಲ್ಲಿಟ್ಟುಕೊಂಡಳು. ಅವಳ ಇನ್ನೊಂದು ಕೈ ಬಕೆಟ್ಟಿನೊಳಗೆ ಹುಡುಕುತ್ತಲೇ ಇತ್ತು.