ರುದ್ರಮ್ಮನ ತೋಟಕ್ಕೆ ಬಾರದ ಅಲೆ

ಕಣಕಟ್ಟೆಯ ಮೊಬೈಲ್ ಟವರಿಗೆ ಹೊಸ ಆಂಟೆನಾ ಹಾಕಿಸಿ ಕೆಳಗೆ ನಿಂತಿದ್ದೆ. ತೆಂಗು ಬೆಳೆಯುವ ರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ನೇರ ನನ್ನ ಹತ್ತಿರವೇ ಬಂದರು.

“ಇಂಜಿನಿಯರಮ್ಮ, ಈ ಹೊಸದು ನಮ್ ತೋಟದ ತಂಕ ಬತ್ತೈತಾ?”

ತೋಟ ಮೂರು ಕಿಲೋಮೀಟರ್ ಆಚೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

“ಇಲ್ಲಮ್ಮ. ಇದು ಹೆಚ್ಚಿನ ಫ್ರೀಕ್ವೆನ್ಸಿಯ ಅಲೆ. ತುಂಬಾ ಡೇಟಾ ಹೊರುತ್ತೆ, ಆದರೆ ಬಸ್‌ಸ್ಟ್ಯಾಂಡ್ ದಾಟೋದ್ರೊಳಗೆ ಸುಸ್ತಾಗುತ್ತೆ. ನಿಮ್ಮ ತನಕ ಬರೋದು ಹಳೇ ಕಡಿಮೆ ಫ್ರೀಕ್ವೆನ್ಸಿಯದೇ.”

“ಅದ್ರಲ್ಲಿ ಮಾತು ಬತ್ತೈತೆ, ಚಿತ್ರ ಬರಾಕಿಲ್ಲ. ಗರಿಗೆ ರೋಗ ಬಿದ್ದೈತೆ, ಕೃಷಿ ಆಫೀಸಿನೋರಿಗೆ ವಿಡಿಯೋದಲ್ಲಿ ತೋರ್ಸಾನ ಅಂದ್ರೆ ಸುಮ್ನೆ ಸುತ್ತುತಾ ಇರ್ತೈತೆ. ಬಸ್‌ಸ್ಟ್ಯಾಂಡಲ್ಲಿ ಕೂತು ರೀಲ್ಸ್ ನೋಡೋರಿಗೆ ಮಾತ್ರ ಹೊಸದಾ?”

“ಹೌದು, ಅವರಿಗೇ ಕೊಡಬೇಕು. ನೀವು ತೋಟಕ್ಕೆ ಹೋಗಿ ನನಗೇ ವಿಡಿಯೋ ಕಾಲ್ ಮಾಡಿ.”

ನಂಬರ್ ಬರೆದುಕೊಂಡು, ಬೈಯುತ್ತಲೇ ಹೋದರು.

ಅರ್ಧ ಗಂಟೆಗೆ ಕಾಲ್ ಬಂತು. ಗರಿಯ ಮೇಲಿನ ಒಂದೊಂದು ಚುಕ್ಕೆಯೂ ಸ್ಪಷ್ಟವಾಗಿ ಕಾಣುತ್ತಿತ್ತು.

“ಹೊಸದು ಬರಾಕಿಲ್ಲ ಅಂದ್ಯಲ್ಲ?”

“ಬಂದಿಲ್ಲಮ್ಮ. ಇಷ್ಟು ದಿನ ಎಲ್ಲರೂ ಹಳೇದಕ್ಕೇ ಮುಗಿಬಿದ್ದಿದ್ದರು. ಈಗ ಹತ್ತಿರದವರು ಹೊಸದಕ್ಕೆ ಹೋದರು, ಹಳೇದರಲ್ಲಿ ನಿಮಗೆ ಜಾಗ ಆಯ್ತು.”

ರುದ್ರಮ್ಮ ಫೋನನ್ನು ಗರಿಯಿಂದ ತಮ್ಮ ಮುಖದತ್ತ ತಿರುಗಿಸಿದರು. “ಇಲ್ಲೇ ಹತ್ರದ ಅರಸೀಕೆರೆಗೆ ಬೇರೆ ಬಸ್ ಬಿಟ್ಮೇಲೆ ದೂರದ ಬಸ್ಸಲ್ಲಿ ನಮಗೆ ಸೀಟು ಸಿಕ್ದಂಗೆ.”

“ಹಾಗೇ.”

“ಹಂಗಾದ್ರೆ ಆ ರೀಲ್ಸ್ ನೋಡೋರಿಗೆ ಇನ್ನೂ ಎರಡು ಹಾಕ್ಸು ಕಣವ್ವ!”